ಧ್ವನಿ ಹಿರಿದು, ಕೋಣೆ ಕಿರಿದು

ವಚನವೆಂದರೆ ಮಾತು. ಅದನ್ನು ಹಾಡಿದಾಗಲೂ ಮಾತು ಮಾತಾಗಿಯೇ ಉಳಿಯಬೇಕು. ರಾಗವು ಅರ್ಥಕ್ಕೆ ದೀಪ ಹಿಡಿಯಬೇಕಲ್ಲದೆ ಅದನ್ನು ಮರೆಮಾಡಬಾರದು. ಮಲ್ಲಿಕಾರ್ಜುನ ಮನಸೂರರು (೧೯೧೦–೧೯೯೨) ಖಯಾಲ್ ಗಾಯನದಲ್ಲಿ ಶಿಖರವನ್ನೇರಿದವರಾಗಿಯೂ ವಚನಗಳನ್ನು ಶ್ರದ್ಧೆಯಿಂದ ಹಾಡಿದರು. ಅಂಥವರ ಧ್ವನಿಮುದ್ರಣಗಳು ಇಂದಿಗೂ ನಮ್ಮ ಮನೆಗಳಲ್ಲಿ ಕೇಳಿಬರುತ್ತವೆ. ಆದರೆ ಅವು ಹೇಗೆ ಕೇಳಿಬರುತ್ತವೆ ಎಂಬುದು ವಿಚಾರಾರ್ಹ.

ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಮಗನು ತನ್ನ ಮೊದಲ ಸಂಬಳದಲ್ಲಿ ಎದೆಮಟ್ಟದ ಎರಡು ಸ್ಪೀಕರುಗಳನ್ನು ತಂದು, ೧೦ ಅಡಿ ಉದ್ದ, ೧೦ ಅಡಿ ಅಗಲದ ಕೋಣೆಯ ಎರಡು ಮೂಲೆಗಳಲ್ಲಿ ನಿಲ್ಲಿಸಿದ್ದಾನೆ. ಪ್ರತಿ ಸಂಜೆ ವಚನಗಳನ್ನು ಆಲಿಸುತ್ತಿದ್ದ ಮಾವನವರು ಈಗ ಹಾಡು ಮೊದಲಾದೊಡನೆ ಎದ್ದು ಹೊರಗಿನ ಕಟ್ಟೆಗೆ ಹೋಗುತ್ತಾರೆ; "ಗುಂ ಎನ್ನುತ್ತದೆ, ಮಾತೇ ತಿಳಿಯದು" ಎನ್ನುತ್ತಾರೆ. ಮಗನಿಗೆ ಮನನೊಂದಿದೆ. ಅಜ್ಜನ ಕಿವಿ ಮಂದವಾಯಿತೆಂದು ಅವನು ಧ್ವನಿಯನ್ನು ಇನ್ನಷ್ಟು ಏರಿಸುತ್ತಾನೆ. ಪ್ರೀತಿಯಿಂದ ತಂದ ವಸ್ತು ಪ್ರೀತಿಪಾತ್ರರನ್ನೇ ದೂರಮಾಡಿದೆ.

ಇಲ್ಲಿ ಮಗನ ತಪ್ಪೂ ಇಲ್ಲ, ಹಿರಿಯರ ತಪ್ಪೂ ಇಲ್ಲ. ದೋಷವಿರುವುದು ಕೋಣೆಯ ಅಳತೆಯಲ್ಲಿ ಮತ್ತು ಸ್ಪೀಕರುಗಳ ಸ್ಥಾನದಲ್ಲಿ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೧೧೨೫ ಅಡಿ ಸಾಗುತ್ತದೆ. ೧೦ ಅಡಿ ಅಂತರದ ಎರಡು ಗೋಡೆಗಳ ನಡುವೆ ೨೦ ಅಡಿ ಉದ್ದದ ತರಂಗದ ಅರ್ಧಭಾಗ ಸರಿಯಾಗಿ ಹಿಡಿಸುತ್ತದೆ. ಅಂತಹ ತರಂಗದ ಕಂಪನ ಸೆಕೆಂಡಿಗೆ ಸುಮಾರು ೫೬. ಜೋಕಾಲಿಯನ್ನು ಅದರ ಗತಿಗೆ ಹೊಂದಿಸಿ ತಳ್ಳಿದರೆ ಅದು ಹೇಗೆ ಮೇಲೇರುವುದೋ ಹಾಗೆ, ಆ ಮಂದ್ರ ಧ್ವನಿಯೊಂದನ್ನೇ ಕೋಣೆ ಎತ್ತಿ ಆಡಿಸುತ್ತದೆ. ಹಾಡು ಮುಂದೆ ಸಾಗಿದರೂ ಅದು ಬೇಗನೆ ಅಡಗದು. ಇದಕ್ಕೆ ಅನುರಣನೆ ಎಂದು ಹೆಸರು. ಉದ್ದ, ಅಗಲ, ಎತ್ತರಗಳು ಮೂರೂ ಸಮನಾದರೆ ಮೂರರ ಅನುರಣನೆಯೂ ಒಂದೇ ಕಂಪನದಲ್ಲಿ ಕೂಡಿ ಉಪದ್ರವ ಹೆಚ್ಚುತ್ತದೆ. ಒಂದು ಪಕ್ಕ ೮ ಅಡಿಯಿದ್ದರೆ ಆ ಕಂಪನ ಸುಮಾರು ೭೦ ಆಗುತ್ತದೆ. ಕಪ್ಪು ಒಂದನ್ನು ಷಡ್ಜವಾಗಿ ಇಟ್ಟುಕೊಂಡು ಹಾಡುವ ಗಾಯಕರ ತಂಬೂರಿಯ ಖರಜದ ತಂತಿಯೂ ಸುಮಾರು ಅಲ್ಲಿಯೇ ನುಡಿಯುತ್ತದೆ. ಹೆಂಚಿನ ಮಾಡು ಇಂತಹ ಧ್ವನಿಯನ್ನು ಅಷ್ಟಿಷ್ಟು ಹೊರಗೆ ಬಿಡುತ್ತದೆ; ಇಟ್ಟಿಗೆಯ ಗೋಡೆ, ಕಾಂಕ್ರೀಟಿನ ಛಾವಣಿ, ಕಲ್ಲಿನ ನೆಲಗಳು ಅದನ್ನು ಒಳಗೇ ತಡೆದಿಡುತ್ತವೆ.

ಮಂದ್ರ ಧ್ವನಿಯು ತನಗಿಂತ ಮೇಲಿನ ಧ್ವನಿಗಳನ್ನು ಸುಲಭವಾಗಿ ಮುಚ್ಚಿಬಿಡುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಕಂಪನಗಳನ್ನು. ಸಕಾರ, ಶಕಾರ, ತಕಾರಗಳ ಸ್ಪಷ್ಟತೆ ನಿಂತಿರುವುದು ಅಲ್ಲಿಯೇ. ಆದ್ದರಿಂದ ಹಿರಿಯರಿಗೆ ಸದ್ದು ಕೇಳುತ್ತದೆ, ನುಡಿ ಕೇಳುವುದಿಲ್ಲ. ಧ್ವನಿಯನ್ನು ಏರಿಸಿದಷ್ಟೂ ಗುಂಯ್‌ಗುಡುವಿಕೆಯೂ ಏರುತ್ತದೆ.

ಇನ್ನು ಪರಿಹಾರ. ಮೊದಲನೆಯದು ಹಣ ಬೇಡದ್ದು: ಸ್ಪೀಕರುಗಳನ್ನು ಮೂಲೆಯಿಂದ ಹೊರಗೆ ತರಬೇಕು. ಎರಡು ಗೋಡೆಗಳೂ ನೆಲವೂ ಕೂಡುವ ಮೂಲೆಯು ಮಂದ್ರ ಧ್ವನಿಗೆ ತುತ್ತೂರಿಯ ಬಾಯಿಯಂತೆ. ಹಿಂಗೋಡೆಯಿಂದ ೨ ಅಡಿ, ಪಕ್ಕದ ಗೋಡೆಯಿಂದ ೩ ಅಡಿ ಎಂಬಂತೆ ಅಂತರಗಳು ಬೇರೆಬೇರೆಯಾಗಿರಲಿ.

ಎರಡನೆಯದು ಕೇಳುವವರ ಆಸನ. ಈ ಅನುರಣನೆ ಗೋಡೆಯ ಬಳಿ ಅತ್ಯಧಿಕ, ನಟ್ಟನಡುವೆ ಅತ್ಯಲ್ಪ. ಹಿರಿಯರ ಕುರ್ಚಿಯನ್ನು ಗೋಡೆಗೆ ಒರಗಿಸಿಡುವುದು ನಮ್ಮ ರೂಢಿ. ಗದ್ದಲವೆಲ್ಲ ಅವರ ಪಾಲಿಗೇ ಬರುತ್ತದೆ. ೧೦ ಅಡಿಯ ಕೋಣೆಯಲ್ಲಿ ಹಿಂಗೋಡೆಯಿಂದ ೪ ಅಡಿಯಷ್ಟು ಮುಂದೆ ಕುಳ್ಳಿರಿಸಿ ನೋಡಿ. ಹಾಡು ಹಚ್ಚಿ ಕೋಣೆಯಲ್ಲೆಲ್ಲ ನಿಧಾನವಾಗಿ ನಡೆದರೆ ಸರಿಯಾದ ಸ್ಥಳವನ್ನು ಕಿವಿಯೇ ತೋರಿಸುತ್ತದೆ.

ಮೂರನೆಯದು ಯಂತ್ರದ ಗುಂಡಿಗಳು. ಲೌಡ್‌ನೆಸ್ ಎಂಬ ಗುಂಡಿಯಿದ್ದರೆ ಆರಿಸಿರಿ, ಬಾಸ್ ತಗ್ಗಿಸಿರಿ. ಈಕ್ವಲೈಸರ್ ಇದ್ದರೆ ೬೩ ಎಂದು ಬರೆದಿರುವ ಪಟ್ಟಿಯನ್ನು ಮೂರರಿಂದ ಆರು ಡೆಸಿಬೆಲ್ ಇಳಿಸಿರಿ. ಸ್ಪೀಕರಿನ ಪೆಟ್ಟಿಗೆಯಲ್ಲಿ ಗಾಳಿಯ ರಂಧ್ರವಿದ್ದರೆ, ಸುರುಳಿ ಸುತ್ತಿದ ಬಟ್ಟೆಯನ್ನು ಒಳಗೆ ಜಾರದಂತೆ ಅದರ ಬಾಯಿಗೆ ಇಡಬಹುದು.

ತೆಳುವಾದ ಪರದೆ, ಜಮಖಾನೆಗಳನ್ನು ನಂಬಬೇಡಿ. ಅವು ಹೀರುವುದು ಎತ್ತರದ ಧ್ವನಿಯನ್ನು. ಮಂದ್ರವು ಇದ್ದಂತೆಯೇ ಇದ್ದು ಮಾತು ಇನ್ನೂ ಮಂಕಾಗುತ್ತದೆ. ಬದಲಿಗೆ ದಪ್ಪನೆಯ ಅರಳೆಯ ಗಾದಿಗಳನ್ನು ಸುತ್ತಿ ಮೂಲೆಗಳಲ್ಲಿ ನಿಲ್ಲಿಸಿದರೆ ಅಷ್ಟಿಷ್ಟು ಪ್ರಯೋಜನವುಂಟು. ಬಾಗಿಲು ತೆರೆದಿಟ್ಟರೂ ಒತ್ತಡ ಕಡಿಮೆಯಾಗುತ್ತದೆ. ಆದರೆ ಆಗ ನೆರೆಯವರ ನಿದ್ರೆಯನ್ನು ನೆನೆಯಬೇಕು. ಮಂದ್ರ ಧ್ವನಿ ಗೋಡೆಗಳನ್ನೂ ದಾಟಬಲ್ಲುದು. ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು ೫೫, ಇರುಳು ೪೫ ಡೆಸಿಬೆಲ್‌ಗಳ ಮಿತಿಯನ್ನು ಹಾಕಿವೆ.

ಇಷ್ಟಾದ ಮೇಲೂ ಸರಿಹೋಗದಿದ್ದರೆ ಚಿಕ್ಕ ಕೋಣೆಗೆ ಚಿಕ್ಕ ಸ್ಪೀಕರುಗಳೇ ಲೇಸು. ಐದಾರು ಅಂಗುಲದ ಸ್ಪೀಕರು ಗಾಯಕನ ಕಂಠವನ್ನು ಪೂರ್ಣವಾಗಿ ನುಡಿಸಬಲ್ಲುದು. ದೊಡ್ಡವನ್ನು ಪಡಸಾಲೆಗೆ ಸಾಗಿಸಬಹುದು. ಮಗನು ಕೊಟ್ಟ ಕಾಣಿಕೆಗೆ ಅದರಿಂದ ಕುಂದೇನೂ ಬಾರದು.

ಸದ್ದು ತಗ್ಗಿದರೆ ಸಂಗೀತ ಬಡವಾಗುವುದೆಂಬುದು ತರುಣರ ಅಂಜಿಕೆ. ಪರೀಕ್ಷೆಯೊಂದುಂಟು: ಹಾಡು ಮುಗಿದ ಮೇಲೆ ಕೇಳಿದವರಿಂದ ಆ ವಚನವನ್ನು ಹೇಳಿಸಿರಿ. ಅಂಕಿತನಾಮದವರೆಗೂ ಹೇಳಬಲ್ಲರಾದರೆ ಕೋಣೆ ಸರಿಯಿದೆಯೆಂದು ತಿಳಿಯಿರಿ. ಮನೆಯ ಅತ್ಯಂತ ಹಿರಿಯರೂ ಅತ್ಯಂತ ಕಿರಿಯರೂ ಆ ಪರೀಕ್ಷೆಯಲ್ಲಿ ಇರಲಿ.