ಹಳೆಯ ಜರ್ಮನ್ ರೈಫಲ್ ಮೇಲಿನ ಮುದ್ರೆಗಳು ನಿಜಕ್ಕೂ ಏನು ಹೇಳುತ್ತವೆ?

ಹದ್ದು ಮತ್ತು ಸ್ವಸ್ತಿಕದ ಮುದ್ರೆ ಇರುವ ಹಳೆಯ ರೈಫಲ್ ಒಂದರ ಫೋಟೊ. ಕೆಳಗೆ ‘ಹಿಟ್ಲರ್ ಸೇನೆಯ ಅಸಲಿ ಬಂದೂಕು, ಎಲ್ಲ ನಂಬರ್‌ಗಳೂ ಒಂದೇ, ಬೆಲೆ ಕೋಟಿ’ ಎಂಬ ಸಾಲು. ಇಂಥ ಪೋಸ್ಟ್ ಕಂಡರೆ ನಂಬಬಹುದೇ? ಒಂದೇ ಮಾತಿನಲ್ಲಿ ಉತ್ತರ ಹೇಳುವುದಾದರೆ, ಮುದ್ರೆ ಸುಳ್ಳಾಗಿರಬೇಕೆಂದೇನಿಲ್ಲ, ಆದರೆ ಅದು ಪೂರ್ತಿ ಕಥೆಯನ್ನು ಹೇಳುವುದಿಲ್ಲ. ಈ ಬಂದೂಕುಗಳನ್ನು ಸಂಗ್ರಹಿಸುವವರು ಏನನ್ನು ನೋಡುತ್ತಾರೆ, ಯಾವುದನ್ನು ನಂಬುವುದಿಲ್ಲ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು, ಯಾವುವು ಈ ರೈಫಲ್‌ಗಳು?

ಜರ್ಮನಿಯ ನೆಕ್ಕರ್ ನದಿ ದಂಡೆಯಲ್ಲಿರುವ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನವರು ಮೌಸರ್ ಸಹೋದರರು, ವಿಲ್‌ಹೆಲ್ಮ್ ಮತ್ತು ಪೌಲ್. ಅವರು ರೂಪಿಸಿದ 1871ರ ಮಾದರಿಯಲ್ಲಿ ಒಂದು ಸಲಕ್ಕೆ ಒಂದೇ ಗುಂಡು ತುಂಬಬೇಕಿತ್ತು. ಅದು ಕಪ್ಪು ಮದ್ದಿನಿಂದ ಹಾರುವ 11 ಮಿಲಿಮೀಟರ್ ಗುಂಡು. 1888ರಲ್ಲಿ ಹೊಗೆ ಕಡಿಮೆ ಇರುವ ಹೊಸ ಮದ್ದಿಗೆ ತಕ್ಕ ರೈಫಲ್ ಬಂತು. ಇದನ್ನು ಹಲವರು ‘ಮೌಸರ್ 88’ ಎಂದು ಕರೆಯುತ್ತಾರೆ. ಆದರೆ ಇದನ್ನು ರೂಪಿಸಿದ್ದು ಮೌಸರ್ ಕಂಪನಿಯಲ್ಲ, ಸೇನೆಯ ಒಂದು ಸಮಿತಿ. 1898ರಲ್ಲಿ ಸೇನೆ ಒಪ್ಪಿಕೊಂಡ ಗೆವೇರ್ 98 ಮಾತ್ರ ನಿಜವಾದ ಮೌಸರ್. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಕಾಲಾಳುಗಳ ಕೈಯಲ್ಲಿದ್ದದ್ದು ಮುಖ್ಯವಾಗಿ ಇದೇ. ಅದನ್ನೇ ಗಿಡ್ಡ ಮಾಡಿ 1935ರಲ್ಲಿ ತಂದದ್ದು ಕರಾಬಿನರ್ 98ಕೆ. 1945ರವರೆಗೆ ಇಂಥವು ಒಂದು ಕೋಟಿಗೂ ಹೆಚ್ಚು ತಯಾರಾದವು.

ಹಾಗಾಗಿ ‘ಅಪರೂಪ’ ಎಂಬ ಮೊದಲ ಮಾತೇ ಇಲ್ಲಿ ನಿಲ್ಲುವುದಿಲ್ಲ. 98ಕೆ ಅಪರೂಪದ ಬಂದೂಕಲ್ಲ. ಕಾರ್ಖಾನೆಯಿಂದ ಹೊರಬಂದ ಸ್ಥಿತಿಯಲ್ಲೇ ಉಳಿದಿರುವ 98ಕೆ ಅಪರೂಪ.

ಜರ್ಮನ್ ರೈಫಲ್ ಎಂದರೆ ಜರ್ಮನ್ ಸೈನಿಕನದ್ದೇ?

ಅಲ್ಲ. ಮೌಸರ್ ಕಂಪನಿ ಹಲವು ದೇಶಗಳಿಗೆ ರೈಫಲ್ ಮಾರುತ್ತಿತ್ತು. ಟರ್ಕಿಯ ಒಟ್ಟೊಮನ್ ಸರ್ಕಾರ 1887ರಿಂದ ಲಕ್ಷಾಂತರ ರೈಫಲ್‌ಗಳಿಗೆ ಆರ್ಡರ್ ಕೊಟ್ಟಿತ್ತು. ಇಲ್ಲಿ ನಮ್ಮ ನಾಡಿಗೂ ಒಂದು ನಂಟಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆಲ್ಲುವಾಗ ಜೋಧಪುರದ ಅಶ್ವದಳದ ಜೊತೆ ಮೈಸೂರು ಲ್ಯಾನ್ಸರ್ಸ್ ಎದುರಿಸಿದ್ದು ಇದೇ ಒಟ್ಟೊಮನ್ ಸೇನೆಯನ್ನು. ಆ ಸೇನೆಯ ಮುಖ್ಯ ರೈಫಲ್ ಮೌಸರ್ ಆಗಿತ್ತು.

ಟರ್ಕಿಗೆ ಹೋದ ರೈಫಲ್‌ಗಳ ಮೇಲೆ ಅರಬ್ಬಿ ಲಿಪಿಯಲ್ಲಿ ಬರಹ ಮತ್ತು ಇಸವಿ ಇರುತ್ತದೆ. 1311 ಎಂದು ಓದಿಕೊಂಡು ‘700 ವರ್ಷ ಹಳೆಯ ಬಂದೂಕು’ ಎಂದು ಹೌಹಾರಬೇಡಿ. ಅದು ಒಟ್ಟೊಮನ್ ಆಡಳಿತದ ರೂಮಿ ಪಂಚಾಂಗದ ಲೆಕ್ಕ. 584 ಕೂಡಿಸಿದರೆ 1895 ಸಿಗುತ್ತದೆ.

ಸ್ವಸ್ತಿಕ ಇದ್ದರೆ ಏನರ್ಥ?

ಕೈಸರ್ ಕಾಲದ ಗೆವೇರ್ 98 ಮೇಲೆ ಇರುವುದು ಕಿರೀಟದ ಮುದ್ರೆಗಳು ಮತ್ತು ಶ್ಪಾಂಡೌ, ಡಾನ್‌ಜಿಗ್, ಎರ್‌ಫುರ್ಟ್, ಆಂಬರ್ಗ್‌ನಂಥ ಕಾರ್ಖಾನೆ ಊರುಗಳ ಹೆಸರು. ನಾಜಿ ಆಡಳಿತ ಬಂದ ಮೇಲೆ ಹದ್ದು ಮತ್ತು ಸ್ವಸ್ತಿಕದ ಮುದ್ರೆ ಶುರುವಾಯಿತು. ಇದು ಬಂದೂಕು ಪರೀಕ್ಷೆಯಲ್ಲಿ ಪಾಸಾಗಿದೆ ಎನ್ನುವ ಗುರುತು. ಯಾವುದೋ ದೊಡ್ಡ ಅಧಿಕಾರಿಯ ಸ್ವಂತ ಬಂದೂಕು ಎಂಬ ಅರ್ಥ ಅದಕ್ಕಿಲ್ಲ.

ಯಾರು ತಯಾರಿಸಿದರು ಎಂಬುದನ್ನು ಶತ್ರುಗಳಿಂದ ಮುಚ್ಚಿಡಲು ಕಂಪನಿಯ ಹೆಸರಿನ ಬದಲು ಸಂಕೇತ ಹಾಕುತ್ತಿದ್ದರು. ‘ಎಸ್/42’ ಮತ್ತು ಮುಂದೆ ಬಂದ ‘ಬಿ-ವೈ-ಎಫ್’ ಎಂದರೆ ಓಬರ್ನ್‌ಡಾರ್ಫ್‌ನ ಮೌಸರ್. ‘ಬಿ-ಎನ್-ಜೆಡ್’ ಎಂದರೆ ಆಸ್ಟ್ರಿಯಾದ ಸ್ಟೈರ್. ‘ಡಿ-ಒ-ಟಿ’ ಎಂದರೆ ಜರ್ಮನಿ ವಶಪಡಿಸಿಕೊಂಡಿದ್ದ ಬ್ರನೋ ಪಟ್ಟಣದ ಕಾರ್ಖಾನೆ. ಅಂದರೆ ‘ಜರ್ಮನ್’ ರೈಫಲ್‌ಗಳೆಲ್ಲ ಜರ್ಮನಿಯಲ್ಲೇ ತಯಾರಾದವಲ್ಲ.

‘ಬಿ-ಸಿ-ಡಿ’ ಎಂಬ ಸಂಕೇತದ ಹಿಂದೆ ಕರಾಳ ಕಥೆಯೊಂದಿದೆ. ಅದು ವೈಮಾರ್‌ನ ಗುಸ್ಟ್‌ಲೋಫ್ ಕಂಪನಿಯದ್ದು. ಊರಿನ ಪಕ್ಕದಲ್ಲೇ ಬುಖೆನ್‌ವಾಲ್ಡ್ ಯಾತನಾ ಶಿಬಿರವಿತ್ತು. 1943ರಲ್ಲಿ ಶಿಬಿರಕ್ಕೆ ಅಂಟಿಕೊಂಡಂತೆ ಈ ಕಂಪನಿಯ ಘಟಕ ಶುರುವಾಯಿತು. ಅಲ್ಲಿ ರೈಫಲ್ ಭಾಗಗಳನ್ನು ತಯಾರಿಸಿದ್ದು ಕೈದಿಗಳು. 1944ರ ಆಗಸ್ಟ್ 24ರಂದು ಅಮೆರಿಕದ ವಿಮಾನಗಳು ಆ ಘಟಕದ ಮೇಲೆ ಬಾಂಬ್ ಹಾಕಿದಾಗ ಸತ್ತವರಲ್ಲಿ ನೂರಾರು ಕೈದಿಗಳಿದ್ದರು. ‘ಜರ್ಮನ್ ಕುಶಲತೆಯ ಅದ್ಭುತ’ ಎಂದು ಹೊಗಳುವ ಪೋಸ್ಟ್‌ಗಳಲ್ಲಿ ಈ ಮಾತು ಬರುವುದಿಲ್ಲ. ಮುದ್ರೆಯನ್ನು ಓದಲು ಬಂದರೆ ತಾನೇ ಅದರ ಹಿಂದಿನ ಜನರೂ ಕಾಣುವುದು!

ನಂಬರ್‌ಗಳೆಲ್ಲ ಒಂದೇ ಆದರೆ ಅಸಲಿಯೇ?

ಜರ್ಮನ್ ಕಾರ್ಖಾನೆಗಳು ರಿಸೀವರ್ (ಗುಂಡು ಕೂರುವ ಜಾಗದ ಉಕ್ಕಿನ ಭಾಗ), ನಳಿಗೆ, ಬೋಲ್ಟ್ ಮತ್ತು ಹಲವು ಸಣ್ಣ ಭಾಗಗಳ ಮೇಲೂ ಸೀರಿಯಲ್ ನಂಬರನ್ನು ಪೂರ್ತಿಯಾಗಿ ಇಲ್ಲವೇ ಕೊನೆಯ ಎರಡು ಅಂಕಿಗಳಲ್ಲಿ ಹಾಕುತ್ತಿದ್ದವು. ಎಲ್ಲವೂ ಹೊಂದಿಕೊಂಡರೆ ಬೆಲೆ ಏರುತ್ತದೆ. ಮೋಸಕ್ಕೆ ದಾರಿಯಾಗುವುದೂ ಇದೇ.

ಎರಡು ವಿಷಯ ಗಮನಿಸಿ. ಒಂದು, ನಾಲ್ಕು ಅಂಕಿಗಳ ನಂಬರ್ ಮುಗಿದ ಮೇಲೆ ಒಂದು ಅಕ್ಷರ ಸೇರಿಸಿ ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು. ಹೊಸ ವರ್ಷಕ್ಕೆ ಎಣಿಕೆಯೂ ಹೊಸದು. ಆದ್ದರಿಂದ ಒಂದೇ ನಂಬರಿನ ಎಷ್ಟೋ ರೈಫಲ್‌ಗಳಿವೆ. ಕಾರ್ಖಾನೆ ಸಂಕೇತ, ಇಸವಿ, ನಂಬರ್, ಅಕ್ಷರ, ಈ ನಾಲ್ಕೂ ಸೇರಿದರೆ ಮಾತ್ರ ಒಂದು ರೈಫಲ್‌ನ ಗುರುತು ಸಿಗುತ್ತದೆ. ಎರಡು, ಬೇರೆ ಬೇರೆ ಬಂದೂಕಿನ ಭಾಗಗಳನ್ನು ಜೋಡಿಸಿ ನಂಬರನ್ನು ಆಮೇಲೆ ಕೊರೆಯಬಹುದು.

ಯುದ್ಧದ ನಂತರ ಇದು ಮೋಸಕ್ಕಲ್ಲದೆ ಕೆಲಸದ ಅನುಕೂಲಕ್ಕಾಗಿಯೇ ನಡೆಯಿತು. ಸೋವಿಯತ್ ಸೇನೆ ವಶಪಡಿಸಿಕೊಂಡ 98ಕೆ ರೈಫಲ್‌ಗಳನ್ನು ಪೂರ್ತಿ ಬಿಚ್ಚಿ, ಭಾಗಗಳನ್ನು ಬೆರೆಸಿ ಮತ್ತೆ ಜೋಡಿಸಿತು, ಉಕ್ಕಿಗೆ ಹೊಸದಾಗಿ ಕಪ್ಪು ಬಣ್ಣ ಕೊಟ್ಟು ಗೋದಾಮಿಗೆ ಹಾಕಿತು. ಇವುಗಳ ರಿಸೀವರ್ ಮೇಲೆ ಗುಣಿಸು ಚಿಹ್ನೆಯಂಥ ಗುರುತು, ಮರದ ಮೇಲೆ ದಪ್ಪ ಅರಗಿನ ಹೊಳಪು ಕಾಣುತ್ತದೆ. ನಾರ್ವೆಯಲ್ಲಿ ಜರ್ಮನ್ನರು ಬಿಟ್ಟುಹೋದ ರೈಫಲ್‌ಗಳನ್ನು ಅಲ್ಲಿನ ಸೇನೆ ಬಳಸಿಕೊಂಡಿತು. ಇಸ್ರೇಲ್‌ಗೆ ಚೆಕೊಸ್ಲೊವಾಕಿಯಾದಿಂದ ಬಂದ ಕೆಲವು ರೈಫಲ್‌ಗಳ ಮೇಲೆ ನಾಜಿ ಮುದ್ರೆಯ ಜೊತೆಗೇ ಯಹೂದಿಗಳ ಆರು ಮೂಲೆಯ ನಕ್ಷತ್ರವೂ ಇದೆ. ಇವು ಯಾವುವೂ ನಕಲಿಯಲ್ಲ, ಎರಡನೇ ಬದುಕು ಕಂಡ ಬಂದೂಕುಗಳು. ಅವನ್ನು ‘ಯುದ್ಧಭೂಮಿಯಿಂದ ನೇರವಾಗಿ ಬಂದದ್ದು’ ಎಂದು ಮಾರುವುದು ಮಾತ್ರ ಸುಳ್ಳು.

ಪರಿಣತರು ಭೂತಗನ್ನಡಿ ಹಿಡಿದು ನೋಡುವುದು ಏನನ್ನು? ಅಂಕಿಯ ಆಕಾರ ಆ ಕಾರ್ಖಾನೆಯ ಅಚ್ಚಿಗೆ ಹೊಂದುತ್ತದೆಯೇ? ಮುದ್ರೆಯ ಒಳಗೂ ಹೊರಗೂ ಬಣ್ಣ ಒಂದೇ ರೀತಿ ಹಳೆಯದಾಗಿದೆಯೇ? ಹಳೆಯ ನಂಬರ್ ಅರೆದು ತೆಗೆದಿದ್ದರೆ ಆ ಜಾಗ ಸ್ವಲ್ಪ ತಗ್ಗಾಗಿದೆಯೇ? ದೂರದರ್ಶಕ ಅಳವಡಿಸಿದ ಸ್ನೈಪರ್ ರೈಫಲ್, ಎಸ್‌ಎಸ್ ಪಡೆಯ ಗುರುತು ಎಂದರಂತೂ ಅನುಮಾನ ಇನ್ನೂ ಹೆಚ್ಚು. ಬೆಲೆ ಹೆಚ್ಚಿದ್ದಲ್ಲಿ ನಕಲಿಯೂ ಹೆಚ್ಚು.

ಇಷ್ಟು ಹಳೆಯದರಿಂದ ಏನು ಅಪಾಯ?

ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇದೇ. ದಶಕಗಳ ಹಿಂದಿನ ಗುಂಡೂ ಸಿಡಿಯಬಹುದು. ಅದಕ್ಕೇ ಪರಿಣತರು ಮೊದಲು ನೋಡುವುದು ಮುದ್ರೆಯನ್ನಲ್ಲ, ಒಳಗೆ ಗುಂಡು ಇದೆಯೇ ಎಂಬುದನ್ನು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. 1888ರ ರೈಫಲ್‌ನ ಮೊದಲ ಗುಂಡಿನ ವ್ಯಾಸ ಸುಮಾರು 8.08 ಮಿಲಿಮೀಟರ್. 1903ರ ನಂತರ ಜರ್ಮನ್ ಸೇನೆ ಚೂಪು ಮೂತಿಯ ಹೊಸ ಗುಂಡಿಗೆ ಬದಲಾಯಿತು. ಅದರ ವ್ಯಾಸ ಸುಮಾರು 8.20 ಮಿಲಿಮೀಟರ್, ಒತ್ತಡವೂ ಹೆಚ್ಚು. ಹೊಸ ಗುಂಡಿಗೆ ಹೊಂದಿಸಿದ ಹಳೆಯ ರೈಫಲ್‌ಗಳ ಮೇಲೆ ‘ಎಸ್’ ಅಕ್ಷರ ಒತ್ತಿದರು. ವ್ಯತ್ಯಾಸ ಕೂದಲೆಳೆಯಷ್ಟು. ಆದರೆ ಹಳೆಯ ನಳಿಗೆಯಲ್ಲಿ ಹೊಸ ಗುಂಡು ಹಾರಿಸಿದರೆ ಒತ್ತಡ ಮಿತಿ ಮೀರಿ, ಹಾರಿಸಿದವರ ಮುಖದೆದುರೇ ಬಂದೂಕು ಒಡೆಯಬಹುದು. ನಾರ್ವೆ ಮತ್ತು ಇಸ್ರೇಲ್ ತಮ್ಮ ಹಲವು ರೈಫಲ್‌ಗಳಿಗೆ ಬೇರೆ ಗುಂಡಿನ ನಳಿಗೆಯನ್ನೇ ಹಾಕಿದವು. ಹಾಗಾಗಿ ಹೆಸರು, ಇಸವಿ ನೋಡಿ ಗುಂಡು ಯಾವುದೆಂದು ತೀರ್ಮಾನಿಸಲಾಗದು. ನಳಿಗೆಯನ್ನು ಅಳೆದೇ ತಿಳಿಯಬೇಕು, ಅದೂ ಬಲ್ಲವರಿಂದ.

ಉಜ್ಜಿ ಹೊಳಪು ಬರಿಸಿದರೆ ಬೆಲೆ ಹೆಚ್ಚುತ್ತದೆಯೇ?

ಇಲ್ಲ, ಕಡಿಮೆಯಾಗುತ್ತದೆ. ಮರದ ಮೇಲೂ ಪರೀಕ್ಷೆಯ ಮುದ್ರೆಗಳಿರುತ್ತವೆ. ಮರಳು ಕಾಗದ ಹಾಕಿ ತಿಕ್ಕಿದರೆ ಅವು ಅಳಿಸಿಹೋಗುತ್ತವೆ. ಬಣ್ಣ ಹೊಸದಾದರೆ ಯಾವ ಭಾಗ ಮೂಲದ್ದು, ಯಾವುದು ಆಮೇಲೆ ಸೇರಿದ್ದು ಎಂದು ಹೇಳುವ ಸಾಕ್ಷಿಯೇ ಹೋಯಿತು. ಸಂಗ್ರಾಹಕರಿಗೆ ಬೇಕಾಗಿರುವುದು ಹೊಳಪಲ್ಲ, ಆ ಸಾಕ್ಷಿ.

ಆಂಟೀಕ್ ಆದರೆ ಕಾನೂನಿನ ತಲೆನೋವಿಲ್ಲವೇ?

‘ಆಂಟೀಕ್’ ಎಂಬ ಪದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಅರ್ಥ. ಅಮೆರಿಕದ 1968ರ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕು ಮಾತ್ರ ಆಂಟೀಕ್. ಜರ್ಮನಿಯಲ್ಲಿ ಸಂಗ್ರಾಹಕರಿಗೆ ಪ್ರತ್ಯೇಕ ಪರವಾನಗಿ ಇದೆ, ಆದರೆ ಸಂಗ್ರಹಕ್ಕೆ ಸಾಂಸ್ಕೃತಿಕ, ಚಾರಿತ್ರಿಕ ಮಹತ್ವ ಇದೆಯೆಂದು ತೋರಿಸಬೇಕು. ಅಧ್ಯಯನ, ಶಿಕ್ಷಣದಂಥ ಉದ್ದೇಶಗಳನ್ನು ಬಿಟ್ಟರೆ ಅಲ್ಲಿ ನಾಜಿ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧ.

ಭಾರತದಲ್ಲಿ ಬಂದೂಕುಗಳಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು ಅನ್ವಯಿಸುತ್ತವೆ. ಹಳೆಯ ಆಯುಧಗಳಿಗೆ ಪ್ರತ್ಯೇಕ ಅಂಶಗಳಿವೆ ನಿಜ. ಆದರೆ ನಿರ್ದಿಷ್ಟ ಬಂದೂಕೊಂದು ಆ ಸಾಲಿಗೆ ಸೇರುತ್ತದೆಯೇ ಎಂಬುದನ್ನು ಪರವಾನಗಿ ಕೊಡುವ ಅಧಿಕಾರಿಯಿಂದಲೇ ಖಚಿತಪಡಿಸಿಕೊಳ್ಳಬೇಕು, ವಾಟ್ಸಾಪ್ ಗುಂಪಿನಿಂದಲ್ಲ. 100 ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬಂದರೆ ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ. ‘ವಿದೇಶದಲ್ಲಿ ಕೋಟಿ ಕೊಡುವವರಿದ್ದಾರೆ, ಮುಂಗಡ ಕಳಿಸಿ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಫಾರ್ವರ್ಡ್ ಮಾಡುವ ಮುನ್ನ

• ಒಂದು ಫೋಟೊ, ಒಂದು ಮುದ್ರೆ ನೋಡಿ ‘ಅಸಲಿ’ ಎಂದು ಹೇಳಲು ಯಾರಿಂದಲೂ ಆಗದು.
• ಸ್ವಸ್ತಿಕದ ಮುದ್ರೆ ಆ ಬಂದೂಕು ಯಾರದ್ದು, ಬೆಲೆ ಎಷ್ಟು ಎಂಬುದನ್ನು ಹೇಳುವುದಿಲ್ಲ.
• ಮನೆಯ ಅಟ್ಟದಲ್ಲೋ ಹಳೆಯ ಪೆಟ್ಟಿಗೆಯಲ್ಲೋ ಬಂದೂಕು ಸಿಕ್ಕರೆ ಟ್ರಿಗರ್ ಮುಟ್ಟಬೇಡಿ, ಉಜ್ಜಬೇಡಿ, ಫೋಟೊ ಹಂಚಬೇಡಿ. ಮಕ್ಕಳನ್ನು ದೂರವಿಟ್ಟು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ.
• ಬೆಲೆಯನ್ನಷ್ಟೇ ಹೇಳಿ, ಅದು ಎಲ್ಲೆಲ್ಲಿ ಯಾರ ಕೈ ದಾಟಿ ಬಂತು ಎಂಬುದನ್ನು ಹೇಳದ ಪೋಸ್ಟನ್ನು ಮುಂದಕ್ಕೆ ಕಳಿಸಬೇಡಿ.