ಕಲ್ನಾರಿನ ಧೂಳು ಮತ್ತು ನಲವತ್ತು ವರ್ಷಗಳ ದಾಖಲೆ

ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಧೂಳು ಇಂದು ಶ್ವಾಸಕೋಶವನ್ನು ಸೇರಿದರೆ ರೋಗವು ತಲೆದೋರುವುದು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷಗಳ ಅನಂತರ. ಅಷ್ಟರಲ್ಲಿ ಕಾರ್ಮಿಕನು ನಿವೃತ್ತನಾಗಿರುತ್ತಾನೆ, ಕಾರ್ಖಾನೆಯೇ ಮುಚ್ಚಿಹೋಗಿರಬಹುದು. ಆತನ ಪರವಾಗಿ ನಿಲ್ಲುವ ನ್ಯಾಯವಾದಿಗಳಿಗೆ ಕಾನೂನಿಗಿಂತ ಸಾಕ್ಷ್ಯವೇ ದೊಡ್ಡ ತೊಡಕು.

ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವು 1986ರಲ್ಲಿ ಸಲ್ಲಿಸಿದ ರಿಟ್ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1995ರ ಜನವರಿ 27ರಂದು ತೀರ್ಪಿತ್ತಿತು. ಕಾರ್ಮಿಕನ ಆರೋಗ್ಯವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸಾರಿತು. ತಪಾಸಣೆಯಲ್ಲಿ ರೋಗ ದೃಢಪಟ್ಟವರಿಗೆ ಕಾರ್ಖಾನೆಯು ತಲಾ 1 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದಿತು. ಜನರು ನೆನೆಯುವುದು ಇವೆರಡನ್ನೇ. ನಾವು ಹೆಚ್ಚು ಬೆಲೆಯುಳ್ಳದ್ದೆಂದು ಭಾವಿಸುವ ಆದೇಶ ಮತ್ತೊಂದಿದೆ: ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಇಲ್ಲವೆ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಯ್ದಿಡಬೇಕು. ನ್ಯಾಯಾಲಯದ ಮುಂದೆ ವಕೀಲರು ಹಿಡಿದು ತೋರಿಸಬಲ್ಲ ಕಾಗದ ಅದೇ.

ಗುತ್ತಿಗೆ ಕೂಲಿಗಳ ಹೆಸರು ಹಾಜರಿ ಪುಸ್ತಕದಲ್ಲಿಯೇ ಇರದಿದ್ದರೆ ಆ ಕಾಗದವಾದರೂ ಎಲ್ಲಿಂದ ಬಂದೀತು? ದೇಶಕ್ಕೆ ಕಲ್ನಾರು ಇಂದಿಗೂ ಆಮದಾಗುತ್ತಿದೆ. ನಮ್ಮ ಊರುಗಳಲ್ಲಿ ಅದರ ಶೀಟುಗಳನ್ನು ಕೊಯ್ದು ಮಾಡಿಗೆ ಹೊದಿಸುವವರಲ್ಲಿ ಇಂಥ ಕೂಲಿಗಳೂ ಇದ್ದಾರೆ.

ಇಂಥ ಕೆಲಸ ಮಾಡಿದವರು ಮನೆಯಲ್ಲಿದ್ದರೆ ವೇತನ ಚೀಟಿ, ಇ.ಎಸ್.ಐ. ಕಾರ್ಡು, ಹಳೆಯ ಎಕ್ಸ್‌ರೇಗಳನ್ನು ಎಸೆಯದಿರಿ ಎಂದು ಭಕ್ತಬಂಧುಗಳಲ್ಲಿ ವಿನಂತಿಸುತ್ತೇವೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಕೈಗಾರಿಕಾ ಕಾರ್ಮಿಕರು ಉಚಿತ ವಕೀಲರ ನೆರವಿಗೆ ಅರ್ಹರು. ಜಿಲ್ಲಾ ಪ್ರಾಧಿಕಾರದಲ್ಲಿ ಅರ್ಜಿ ಸಲ್ಲಿಸಬಹುದು.