ತಪ್ಪಿನೊಳಗಿನ ಕನ್ನಡ

ಶಿವಪುರದ ನಮ್ಮಣ್ಣನ ಮನೆಯ ಜಗುಲಿಯಲ್ಲಿ ಕೂತು ಅವನ ಮಗಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು. ಕೈಯಲ್ಲಿ ದಪ್ಪನೆಯ ಅಭ್ಯಾಸ ಪುಸ್ತಕ. ಪುಟದ ತುಂಬ ಇಂಗ್ಲಿಷ್ ವಾಕ್ಯಗಳು. ಒಂದೊಂದನ್ನೂ ಎ, ಬಿ, ಸಿ ಎಂದು ಮೂರು ತುಂಡು ಮಾಡಿ, ತಪ್ಪಿಲ್ಲದಿದ್ದರೆ ಡಿ ಎಂದು ಗುರುತಿಸಿ ಅಂತ ಕೊಟ್ಟಿದ್ದರು. ಒಂದು ವಾಕ್ಯಕ್ಕೆ ಬೆರಳಿಟ್ಟು ಕೇಳಿದಳು: ‘ಚಿಕ್ಕಪ್ಪ, ಇದ್ರಲ್ಲಿ ತಪ್ಪೆಲ್ಲದೆ? ಓದುದ್ರೆ ಸರಿಯಾಗೇ ಅದೆಯಲ್ಲ.’ ವಾಕ್ಯ ‘ಶಿ ಈಸ್ ನೋಯಿಂಗ್ ದಿ ಆನ್ಸರ್’ ಎಂದಿತ್ತು. ಅದು ಅವಳ ಕಿವಿಗೆ ಸರಿಯಾಗಿಯೇ ಕೇಳಿಸಿತ್ತು. ಅಂಥ ನೂರಾರು ವಾಕ್ಯಗಳನ್ನು ಅವಳು ಆಗಲೇ ಮುಗಿಸಿದ್ದಳು. ಆದರೂ ಇಪ್ಪತ್ತಕ್ಕೆ ಹನ್ನೊಂದು ಹನ್ನೆರಡರ ಆಚೆ ಅಂಕ ಏರುತ್ತಿರಲಿಲ್ಲ.

ಪುಸ್ತಕ ಮುಚ್ಚಿಸಿ, ನಿಮ್ಮೂರಿನ ಬಗ್ಗೆ ನೀನೇ ಹತ್ತು ವಾಕ್ಯ ಬರಿ ಅಂದೆ. ಶಿವಪುರದ ಮಕ್ಕಳು ಊರಿನ ಬಗ್ಗೆ ಬರೆಯುವುದಕ್ಕೆ ಯೋಚಿಸಬೇಕಾಗಿಲ್ಲ. 1938ರ ಏಪ್ರಿಲ್ 11ರಂದು ಮೈಸೂರು ಸಂಸ್ಥಾನದ ಸರ್ಕಾರದ ನಿಷೇಧ ಮೀರಿ ಕಾಂಗ್ರೆಸ್ಸಿನವರು ಇಲ್ಲಿ ಧ್ವಜ ಹಾರಿಸಿದರು. ಟಿ. ಸಿದ್ಧಲಿಂಗಯ್ಯನವರು ಅದರ ಮುಂದಾಳು. ಅದರ ನೆನಪಿಗೆ ಕಟ್ಟಿದ ಸತ್ಯಾಗ್ರಹ ಸೌಧವನ್ನು ನೋಡಿಕೊಂಡೇ ಇವಳು ಶಾಲೆಗೆ ಹೋಗಿ ಬೆಳೆದವಳು. ಅವಳ ಮೊದಲ ವಾಕ್ಯ ಹೀಗಿತ್ತು: ‘ಕಾಂಗ್ರೆಸ್ ಲೀಡರ್ಸ್ ಹ್ಯಾವ್ ಹಾಯ್ಸ್ಟೆಡ್ ಫ್ಲ್ಯಾಗ್ ಇನ್ 1938.’

ಈ ಒಂದು ವಾಕ್ಯವನ್ನು ಸ್ವಲ್ಪ ಹೊತ್ತು ನೋಡಬೇಕು. ಇಸವಿ ಹೇಳಿದ ಮೇಲೆ ‘ಹ್ಯಾವ್ ಹಾಯ್ಸ್ಟೆಡ್’ ಬರಕೂಡದು, ‘ಹಾಯ್ಸ್ಟೆಡ್’ ಅಂದರೆ ಸಾಕು ಎಂದು ವ್ಯಾಕರಣದ ಪುಸ್ತಕ ಹೇಳುತ್ತದೆ. ಇವಳಿಗೆ ಆ ನಿಯಮ ಬಾಯಿಪಾಠವಾಗಿದೆ, ಕೇಳಿದರೆ ಒಪ್ಪಿಸುತ್ತಾಳೆ. ಆದರೂ ಬರೆಯುವಾಗ ಕೈ ತಪ್ಪಿತು. ಕಾರಣ ಹುಡುಕಲು ಇಂಗ್ಲಿಷಿಗೆ ಹೋಗಬೇಕಾಗಿಲ್ಲ. ಸೌಧದ ಮುಂದೆ ನಿಂತು ಹೊರಗಿನಿಂದ ಬಂದ ನೆಂಟರಿಗೆ ನಾವು ಏನನ್ನುತ್ತೇವೆ? ‘1938ರಲ್ಲಿ ಇಲ್ಲೇ ಧ್ವಜ ಹಾರಿಸಿದ್ದಾರೆ’ ಅನ್ನುತ್ತೇವೆ. ಬೆಳಿಗ್ಗೆ ಎದ್ದು ಅಂಗಳ ಒದ್ದೆಯಾಗಿರುವುದನ್ನು ಕಂಡು ‘ನಿನ್ನೆ ರಾತ್ರಿ ಮಳೆ ಬಂದಿದೆ’ ಅನ್ನುತ್ತೇವೆ. ಕಣ್ಣಾರೆ ಕಾಣದಿದ್ದರೂ ಗುರುತು ಉಳಿದಿರುವ ಕೆಲಸಕ್ಕೆ ಕನ್ನಡದಲ್ಲಿ ಈ ‘ಇದ್ದಾರೆ’, ‘ಇದೆ’ ಸೇರುತ್ತದೆ. ಜೊತೆಯಲ್ಲಿ ‘ನಿನ್ನೆ’ ಬಂದರೂ ಇಸವಿ ಬಂದರೂ ನಮ್ಮ ನುಡಿಗೆ ಏನೂ ತೊಡಕಿಲ್ಲ. ಇಂಗ್ಲಿಷಿನ ‘ಹ್ಯಾವ್’ ಹಾಗಲ್ಲ, ನಡೆದ ದಿನ ಇಂಥದು ಎಂದು ಗೊತ್ತು ಮಾಡಿಬಿಟ್ಟರೆ ಅದು ಅಲ್ಲಿ ನಿಲ್ಲುವುದಿಲ್ಲ. ಹುಡುಗಿ ಬರೆದದ್ದು ಇಂಗ್ಲಿಷ್ ಪದ ತೊಟ್ಟ ಕನ್ನಡ ವಾಕ್ಯ, ಅದೂ ಕನ್ನಡದ ನಿಯಮಕ್ಕೆ ಎಳ್ಳಷ್ಟೂ ತಪ್ಪದ ವಾಕ್ಯ.

ನಾನು ಹೇಳಬೇಕೆಂದಿರುವುದು ಇಷ್ಟೆ. ನಮ್ಮ ಮಕ್ಕಳ ಇಂಗ್ಲಿಷ್ ತಪ್ಪುಗಳಲ್ಲಿ ಬಹುಪಾಲು ದಡ್ಡತನದಿಂದಾಗಲೀ ಸೋಮಾರಿತನದಿಂದಾಗಲೀ ಹುಟ್ಟಿದವಲ್ಲ. ಕನ್ನಡವನ್ನು ಚೆನ್ನಾಗಿ ಬಲ್ಲ ತಲೆ ತನಗೆ ಗೊತ್ತಿರುವ ನಿಯಮವನ್ನು ಹೊಸ ಜಾಗದಲ್ಲಿ ನಡೆಸಿ ನೋಡಿದಾಗ ಅವು ಹುಟ್ಟುತ್ತವೆ. ಹಾಗಾಗಿ ಅವನ್ನು ತಿದ್ದುವವರಿಗೆ ಇಂಗ್ಲಿಷ್ ವ್ಯಾಕರಣದಷ್ಟೇ ಕನ್ನಡ ವ್ಯಾಕರಣವೂ ಗೊತ್ತಿರಬೇಕು. ಕಲಿಯುವವರ ತಪ್ಪು ಅವರೊಳಗೆ ಬೆಳೆಯುತ್ತಿರುವ ವ್ಯವಸ್ಥೆಯ ಕುರುಹು, ಕಲಿಸುವವರು ಅದನ್ನು ಓದಿ ತಿಳಿಯಬೇಕು ಎಂದು ಬ್ರಿಟನ್ನಿನ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಬರೆದರು. ಅರ್ಧ ಶತಮಾನ ಕಳೆದಿದೆ. ನಮ್ಮ ತರಗತಿಗಳಲ್ಲಿ ಇನ್ನೂ ಕೆಂಪು ಶಾಯಿಯ ಅಡ್ಡಗೆರೆಯೇ ನಡೆಯುತ್ತಿದೆ.

ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೋಗಿ ಕಿವಿಗೊಟ್ಟು ನಿಲ್ಲಿ. ನೂರು ಕಾಯಿ, ಇನ್ನೂರು ಎಳನೀರು, ಎರಡು ಲೋಡು. ‘ನೂರು ಕಾಯಿಗಳು’ ಎಂದು ಅಲ್ಲಿ ಯಾರೂ ಅನ್ನುವುದಿಲ್ಲ. ನೂರು ಅಂದಮೇಲೆ ಬಹಳ ಎಂಬುದು ಗೊತ್ತಾಯಿತಲ್ಲ, ಮತ್ತೆ ‘ಗಳು’ ಯಾಕೆ? ಈ ಲೆಕ್ಕದಲ್ಲಿ ಬೆಳೆದ ಹುಡುಗ ‘ಟೆನ್ ಕೋಕೋನಟ್’ ಎಂದು ಬರೆದರೆ ಅವನಿಗೆ ಏಕವಚನ ಬಹುವಚನ ತಿಳಿಯದು ಎಂದು ತೀರ್ಮಾನಿಸುವುದು ಅನ್ಯಾಯ. ಇಂಗ್ಲಿಷಿನಲ್ಲೂ ಒಂದು ಕಡೆ ನಮ್ಮ ಪದ್ಧತಿಯೇ ಉಂಟು. ಹತ್ತು ರೂಪಾಯಿಯ ನೋಟಿಗೆ ಅವರು ‘ಟೆನ್ ರುಪೀ ನೋಟ್’ ಅನ್ನುತ್ತಾರೆ, ಅಲ್ಲಿ ಎಸ್ ಇಲ್ಲ. ಬೈಸಿಕೊಂಡು ಬೈಸಿಕೊಂಡು ಎಲ್ಲದಕ್ಕೂ ಎಸ್ ಅಂಟಿಸಲು ಕಲಿತ ಮಕ್ಕಳು ಇಲ್ಲಿಯೂ ‘ಟೆನ್ ರುಪೀಸ್ ನೋಟ್’ ಎಂದು ಬರೆದು ಇನ್ನೊಂದು ಸಲ ಬೈಸಿಕೊಳ್ಳುತ್ತಾರೆ. ವಸ್ತುಗಳ ಲೆಕ್ಕದಲ್ಲಿ ಸಂಖ್ಯೆ ಮುಂದಿದ್ದರೆ ಕನ್ನಡ ಸುಮ್ಮನಿರುತ್ತದೆ, ಇಂಗ್ಲಿಷ್ ಎರಡನೆಯ ಸಲ ಹೇಳುತ್ತದೆ ಎಂದು ಯಾರಾದರೂ ಒಂದು ದಿನ ಕೂತು ಹೇಳಿದ್ದರೆ ಇಷ್ಟು ಸುತ್ತಬೇಕಿರಲಿಲ್ಲ.

ಕ್ರಿಯಾಪದದ ವಿಷಯ ಇನ್ನೂ ವಿಚಿತ್ರ. ಬರ್ತೀನಿ, ಬರ್ತೀಯ, ಬರ್ತಾನೆ, ಬರ್ತಾಳೆ, ಬರ್ತದೆ, ಬರ್ತೀವಿ, ಬರ್ತೀರ, ಬರ್ತಾರೆ. ಮೂರು ನಾಲ್ಕು ವರ್ಷದ ಮಗು ಇದರಲ್ಲಿ ಒಂದನ್ನೂ ತಪ್ಪುವುದಿಲ್ಲ. ಇಷ್ಟು ರೂಪಗಳನ್ನು ನಾಲಿಗೆಯಲ್ಲಿ ಇಟ್ಟುಕೊಂಡ ಮಗುವಿಗೆ ಇಂಗ್ಲಿಷಿನ ಒಂದೇ ಒಂದು ಎಸ್ ಯಾಕೆ ಜಾರಿಹೋಗುತ್ತದೆ? ಐ, ಯು, ವಿ, ದೇ ಎಲ್ಲಕ್ಕೂ ‘ಕಮ್’ ಒಂದೇ ಆಗಿರುವುದನ್ನು ಕಂಡು ಈ ಭಾಷೆಯಲ್ಲಿ ಅಂಥ ಹೊಂದಾಣಿಕೆಯೇ ಇಲ್ಲ ಎಂದು ಮಗು ತರ್ಕ ಮಾಡುತ್ತದೆ. ಬರ್ತಾನೆ, ಬರ್ತಾಳೆ, ಬರ್ತದೆ ಎಂದು ನೀನು ಹೇಳುವ ಮೂರು ಕಡೆ ಅವರು ‘ಕಮ್ಸ್’ ಅನ್ನುತ್ತಾರೆ, ಮಿಕ್ಕ ಕಡೆ ಏನೂ ಇಲ್ಲ ಎಂದು ತೋರಿಸಿಕೊಟ್ಟಾಗ ನಮ್ಮ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾರೆ ನಮ್ದೇ ಕಷ್ಟದ್ದು, ಅವರದ್ದು ಸಲೀಸು’ ಅಂದಳು. ಅವಳ ಮುಖದಲ್ಲಿ ಹೆದರಿಕೆ ಕಡಿಮೆಯಾದದ್ದನ್ನು ಆವತ್ತು ಮೊದಲ ಸಲ ನೋಡಿದೆ.

ಕೆಲವು ತಪ್ಪುಗಳಿಂದ ಅಂಕಕ್ಕಿಂತ ದೊಡ್ಡದು ಹೋಗುತ್ತದೆ. ‘ಊಟ ಮಾಡಿಲ್ವಾ?’ ಎಂದು ಕೇಳಿದರೆ ನಾವು ‘ಹೌದು, ಮಾಡಿಲ್ಲ’ ಅನ್ನುತ್ತೇವೆ. ಕೇಳಿದವರ ಮಾತನ್ನು ಒಪ್ಪುವುದು ನಮ್ಮ ‘ಹೌದು’. ಇಂಗ್ಲಿಷಿನವರು ಅಲ್ಲಿ ‘ನೋ’ ಅನ್ನಬೇಕು. ಸಂದರ್ಶನದಲ್ಲಿ ‘ನಿಮಗೆ ಈ ಕೆಲಸದ ಅನುಭವ ಇಲ್ಲವೇ?’ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ‘ಎಸ್ ಸರ್’ ಅಂದ ಹುಡುಗ ಇದೆ ಅಂದನೋ ಇಲ್ಲ ಅಂದನೋ? ಎದುರು ಕೂತವರು ಇದೆ ಎಂದು ತಿಳಿದು ಮುಂದಿನ ಪ್ರಶ್ನೆ ಕೇಳುತ್ತಾರೆ, ಹುಡುಗ ತಡವರಿಸುತ್ತಾನೆ, ಕೊನೆಗೆ ಸುಳ್ಳುಗಾರ ಅನ್ನಿಸಿಕೊಳ್ಳುತ್ತಾನೆ. ಎಲ್ಲ ವಾಕ್ಯದ ಕೊನೆಗೂ ಬರುವ ನಮ್ಮ ‘ಅಲ್ವಾ’ ಇಂಗ್ಲಿಷಿಗೆ ಹೋಗಿ ‘ಈಸಂಟ್ ಇಟ್’ ಆಗುವುದೂ ಇದೇ ದಾರಿಯಲ್ಲಿ, ಆದರೆ ಅದರಿಂದ ಯಾರಿಗೂ ನಷ್ಟವಿಲ್ಲ.

ನಮ್ಮ ಕಡೆಯ ಮಕ್ಕಳಿಗೆ ತಿದ್ದಿಸಿಕೊಳ್ಳುವ ನೋವು ಇಂಗ್ಲಿಷಿನಿಂದ ಶುರುವಾಗುವುದಲ್ಲ. ಕನ್ನಡದ ಮೇಷ್ಟರ ಹತ್ತಿರವೇ ಶುರು. ಹಾಲಿಗೆ ಆಲು, ಹಣ್ಣಿಗೆ ಅಣ್ಣು, ಹೋಗು ಅನ್ನುವುದಕ್ಕೆ ಓಗು. ಕೈಗೆ ಏಟು ಬಿದ್ದಮೇಲೆ ಹೆದರಿ ಅಕ್ಕಿಯನ್ನು ಹಕ್ಕಿ ಅಂದವರೂ ಇದ್ದಾರೆ. ಹಳಗನ್ನಡದ ಪೋಗು ನಡುಗನ್ನಡದ ಹೊತ್ತಿಗೆ ಹೋಗು ಆಯಿತು, ಪಾಲ್ ಹಾಲಾಯಿತು. ಮಂಡ್ಯದ ನಾಲಿಗೆ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟಿದೆ. ಇದನ್ನು ನನಗೆ ಆಗ ಯಾರೂ ಹೇಳಲಿಲ್ಲ. ನಾನು ಓದುವಾಗ ಇಂಗ್ಲಿಷ್ ಅಕ್ಷರ ಶುರುವಾಗುತ್ತಿದ್ದುದೇ ಐದನೇ ತರಗತಿಯಲ್ಲಿ. ಸ್ವರದ ಸದ್ದಿನ ಮುಂದೆ ‘ಆ್ಯನ್’ ಬರೆಯಬೇಕು ಎಂದು ಪಾಠವಾಗಿತ್ತು. ನನ್ನ ಬಾಯಲ್ಲಿ ಮನೆಗೆ ‘ಔಸ್’, ಅದರ ಮೊದಲ ಸದ್ದು ಸ್ವರ. ‘ಆ್ಯನ್ ಹೌಸ್’ ಎಂದು ಬರೆದೆ. ಬೆನ್ನ ಮೇಲೆ ಗುದ್ದು ಬಿತ್ತು. ನಿಯಮವನ್ನು ಇಡೀ ತರಗತಿಯಲ್ಲಿ ಸರಿಯಾಗಿ ಅನ್ವಯಿಸಿದವನು ಬಹುಶಃ ನಾನೊಬ್ಬನೇ. ತಪ್ಪು ‘ಆ್ಯನ್’ ಅನ್ನುವಲ್ಲಿ ಇರಲಿಲ್ಲ, ಹಕಾರದಲ್ಲಿತ್ತು. ಆ ಗುದ್ದಿನಿಂದ ನಾನು ಕಲಿತದ್ದು ಕೈ ಎತ್ತದೆ ಕೂರುವುದನ್ನು. ಅದು ಬಿಟ್ಟುಹೋಗಲು ಬಹಳ ವರ್ಷ ಹಿಡಿಯಿತು.

ಈಗ ತಪ್ಪು ಹುಡುಕುವ ಅಭ್ಯಾಸಕ್ಕೆ ಬರೋಣ. ಇದಕ್ಕೆ ನನ್ನ ಆಕ್ಷೇಪ ಸರಳವಾದದ್ದು. ಭಾಷೆ ಕಿವಿಯಲ್ಲಿ ಕೂರುವುದು ಸರಿಯಾದ ವಾಕ್ಯಗಳನ್ನು ಸಾವಿರ ಸಲ ಕೇಳಿ, ಓದಿದಮೇಲೆ. ಪಟ್ಟಣದಲ್ಲಿ ಇಂಗ್ಲಿಷ್ ಮಾತಿನ ನಡುವೆ ಬೆಳೆದ ಮಕ್ಕಳಿಗೆ ಆ ಕಿವಿ ಮೊದಲೇ ಇರುತ್ತದೆ, ತಪ್ಪು ವಾಕ್ಯ ಕಂಡರೆ ಅನ್ನದಲ್ಲಿ ಕಲ್ಲು ಸಿಕ್ಕಂತೆ ತಟ್ಟನೆ ತಿಳಿಯುತ್ತದೆ. ಶಿವಪುರದ ಹುಡುಗಿಗೆ ಇಂಗ್ಲಿಷ್ ಸಿಗುವುದೇ ಈ ಪುಸ್ತಕದಲ್ಲಿ, ಇದರಲ್ಲಿ ಹೆಚ್ಚಿನವು ತಪ್ಪು ವಾಕ್ಯಗಳು. ಬೇಕೆಂದೇ ಕೆಡಿಸಿದ ವಾಕ್ಯಗಳನ್ನು ದಿನಕ್ಕೆ ಐವತ್ತು ಓದಿದರೆ ಯಾವುದು ಕಿವಿಯಲ್ಲಿ ಕೂತೀತು? ಅವಳು ಕಲಿಯುತ್ತಿದ್ದುದು ಇಂಗ್ಲಿಷನ್ನಲ್ಲ, ಪ್ರಶ್ನೆ ಮಾಡುವವರ ಮನಸ್ಸನ್ನು. ‘ಈಚ್ ಆಫ್’ ಕಂಡರೆ ಕ್ರಿಯಾಪದ ನೋಡು, ‘ಡಿಸ್ಕಸ್’ ಕಂಡರೆ ಮುಂದೆ ‘ಅಬೌಟ್’ ಇದೆಯೇ ನೋಡು. ಹೀಗೆ ಹಿಡಿದ ತಪ್ಪನ್ನೇ ಅರ್ಜಿ ಬರೆಯುವಾಗ ತಾನೂ ಮಾಡುತ್ತಿದ್ದಳು.

ಇದು ನನ್ನೊಬ್ಬನ ಊಹೆಯಲ್ಲ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ಬೆಂಗಳೂರು, ಮದರಾಸು ಮೊದಲಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಅದರಲ್ಲಿ ಜೊತೆಗಿತ್ತು. ವ್ಯಾಕರಣದ ಪಾಠವನ್ನೇ ಬದಿಗಿಟ್ಟು, ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಕೊಟ್ಟು ಮಕ್ಕಳಿಂದ ಲೆಕ್ಕ ಹಾಕಿಸುವುದು, ದಾರಿ ಹುಡುಕಿಸುವುದು. ಮನಸ್ಸು ಅರ್ಥದ ಮೇಲೆ ನೆಟ್ಟಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಇಂದಿಗೂ ಜಗತ್ತಿನ ಭಾಷಾ ಬೋಧನೆಯ ಪುಸ್ತಕಗಳಲ್ಲಿ ಅದಕ್ಕೆ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಹೆಸರು. ಆಮೇಲೆ ಬೆರೆಟ್ಟಾ ಮತ್ತು ಡೇವಿಸ್ ಎಂಬ ಇಬ್ಬರು ಅದರ ಮೌಲ್ಯಮಾಪನ ಮಾಡಿ 1985ರಲ್ಲಿ ಪ್ರಕಟಿಸಿದರು. ಬಿಡಿ ವಾಕ್ಯಗಳ ವ್ಯಾಕರಣ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳದೇ ಮೇಲುಗೈ. ಅದೇ ವ್ಯಾಕರಣವನ್ನು ಸಂದರ್ಭದೊಳಗೆ ಇಟ್ಟು ಕೇಳಿದಾಗ, ಉಕ್ತಲೇಖನ ಕೊಟ್ಟಾಗ ಪ್ರಯೋಗದ ಮಕ್ಕಳು ಮುಂದಿದ್ದರು. ಯಾವುದನ್ನು ಅಭ್ಯಾಸ ಮಾಡುತ್ತೇವೋ ಅದೇ ಬರುತ್ತದೆ.

ಪರೀಕ್ಷೆ ಇನ್ನೆರಡು ತಿಂಗಳಲ್ಲಿ ಇರುವವರಿಗೆ ಈ ಮಾತೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬ್ಯಾಂಕಿನ, ಕೇಂದ್ರ ಸರ್ಕಾರದ ಕೆಲವು ಪರೀಕ್ಷೆಗಳನ್ನು ಈಗ ಕನ್ನಡದಲ್ಲೂ ಬರೆಯಬಹುದು. ಆದರೂ ಇಂಗ್ಲಿಷಿನ ಭಾಗ ಇಂಗ್ಲಿಷಾಗಿಯೇ ಉಳಿದಿದೆ, ಕೆಲಸ ತಪ್ಪುವುದು ಅಲ್ಲಿಯೇ. ತಪ್ಪು ಸಹಜವಾದದ್ದು ಎಂದು ಬಿಟ್ಟುಬಿಡು ಅನ್ನುವುದು ಹೊಟ್ಟೆ ತುಂಬಿದವರ ಮಾತು. ಅಣ್ಣ ಕಬ್ಬಿನ ದುಡ್ಡಿನಲ್ಲಿ ಮಗಳನ್ನು ಓದಿಸಿದ್ದಾನೆ. ತಿದ್ದಲೇಬೇಕು, ಗಟ್ಟಿಯಾಗಿಯೇ ತಿದ್ದಬೇಕು. ಆದರೆ ಪ್ರಶ್ನೆಪುಸ್ತಕ ಕೆಡಿಸಿಟ್ಟ ವಾಕ್ಯಕ್ಕಿಂತ ಮೊದಲು ಅವಳು ಬರೆದ ವಾಕ್ಯ ತಿದ್ದಿಸಿಕೊಳ್ಳಲಿ. ನಾವಿಬ್ಬರೂ ಒಂದು ನೋಟ್‌ಬುಕ್ ಮಾಡಿದೆವು. ಎಡಪುಟದಲ್ಲಿ ಅವಳು ಮನಸ್ಸಿನಲ್ಲಿ ಅಂದುಕೊಂಡ ಕನ್ನಡ, ಮನೆಮಾತಿನಲ್ಲೇ, ಬಲಪುಟದಲ್ಲಿ ಇಂಗ್ಲಿಷ್. ತಪ್ಪಾದಲ್ಲಿ ಕೆಂಪು ಗೆರೆ ಎಳೆಯದೆ, ಎಡಪುಟದಲ್ಲಿ ಅದಕ್ಕೆ ಕಾರಣವಾದ ಕನ್ನಡದ ತುಂಡಿನ ಕೆಳಗೆ ಗೆರೆ ಎಳೆಯುತ್ತಿದ್ದೆ. ಪುಸ್ತಕದ ಪ್ರಶ್ನೆಗಳು ಆಮೇಲೆ, ದಿನಕ್ಕೆ ಹತ್ತು. ‘ನೋಯಿಂಗ್’ ಯಾಕೆ ತಪ್ಪು ಎಂದು ಅವಳಿಗೆ ಆಗ ತಿಳಿಯಿತು. ‘ನೋಡ್ತಾ ಇದೀನಿ’ ಅನ್ನುವ ನಾವೂ ‘ಗೊತ್ತಾಗ್ತಾ ಅದೆ’ ಅನ್ನುವುದು ಮೆಲ್ಲಮೆಲ್ಲನೆ ತಿಳಿಯುವಾಗ, ಪೂರಾ ತಿಳಿದದ್ದಕ್ಕೆ ‘ಗೊತ್ತು’ ಅಷ್ಟೆ.

ಇದಕ್ಕೆ ಕಲಿಸುವವರು ತಯಾರಿರಬೇಕಲ್ಲ. ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಭಾಷೆ ಕಲಿಸಲು ಶುರುವಾಗಿ ಎಷ್ಟೋ ವರ್ಷಗಳಾದವು. ಆ ಮೇಷ್ಟರುಗಳಿಗೆ ಕನ್ನಡ ವಾಕ್ಯ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಯಾವ ತರಬೇತಿಯಲ್ಲಿ ಹೇಳಿಕೊಟ್ಟಿದ್ದೇವೆ? ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಪುಸ್ತಕಗಳನ್ನೇ ಬರೆದರು. ಅವು ಕನ್ನಡ ಎಂ.ಎ. ಓದುವವರಿಗೆ ಎಂದು ಪಕ್ಕಕ್ಕಿಟ್ಟೆವು. ನನ್ನ ಮಟ್ಟಿಗೆ ಅವನ್ನು ಮೊದಲು ಓದಬೇಕಾದವರು ಇಂಗ್ಲಿಷ್ ಮೇಷ್ಟರುಗಳು. ನಮ್ಮ ಮಂಡ್ಯ ಜಿಲ್ಲೆಯ ಬೆಳ್ಳೂರನ್ನು ಹೆಸರಿನಲ್ಲಿ ಹೊತ್ತ ಬಿ.ಎಂ. ಶ್ರೀಕಂಠಯ್ಯನವರು, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಇಬ್ಬರೂ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸಿದವರು. ಕನ್ನಡದ ಒಂದೊಂದು ಪದದ ತೂಕವನ್ನೂ ಬಲ್ಲವರು.

ತಿಂಗಳು ಕಳೆದಮೇಲೂ ನಮ್ಮ ನೋಟ್‌ಬುಕ್ಕಿನಲ್ಲಿ ಒಂದು ತಪ್ಪು ಹೋಗಲಿಲ್ಲ. ಎ ಮತ್ತು ದ. ಮೊದಲ ದಿನ ಬರೆದ ‘ಹಾಯ್ಸ್ಟೆಡ್ ಫ್ಲ್ಯಾಗ್’ ಅನ್ನುವಲ್ಲಿ ಫ್ಲ್ಯಾಗಿಗೆ ಮೊದಲು ಏನೂ ಇರಲಿಲ್ಲ ನೋಡಿ. ಕನ್ನಡದಲ್ಲಿ ಇಂಥ ಪದವೇ ಇಲ್ಲ, ಇದೊಂದನ್ನು ಬಾಯಿಪಾಠ ಮಾಡಲೇಬೇಕು ಎಂದು ನಾನೂ ಹೇಳಿ ಕೈಬಿಟ್ಟಿದ್ದೆ. ಒಂದು ಸಂಜೆ ಒಳಗಿನಿಂದ ಅತ್ತಿಗೆ ಕೂಗಿದರು: ‘ಏ, ಆ ಕಾಯ್ನ ತಗಂಡ್ ಬಾರೆ.’ ಹುಡುಗಿ ಎದ್ದು, ಬೆಳಿಗ್ಗೆ ಸುಲಿದು ಜಗುಲಿಯ ಮೂಲೆಯಲ್ಲಿ ಇಟ್ಟಿದ್ದ ತೆಂಗಿನಕಾಯನ್ನು ಕೊಟ್ಟು ಬಂದಳು. ಕೂರುವುದಕ್ಕೆ ಮುಂಚೆ ನಿಂತಲ್ಲೇ ಕೇಳಿದಳು: ‘ಚಿಕ್ಕಪ್ಪ, ಅವ್ವ ಬರೀ ಕಾಯ್ ತಗಂಡ್ ಬಾ ಅಂದಿದ್ರೆ ನಾನು ಅಂಗ್ಡೀಗೆ ಹೋಗ್ತಿದ್ದೆ. ಕಾಯ್ನ ಅಂದ್ಲು. ಇಬ್ರಿಗೂ ಗೊತ್ತಿರೋ ಕಾಯಿ. ಇದೇ ಅಲ್ವಾ ದ ಅಂದ್ರೆ?’

ಎಡಪುಟದಲ್ಲಿ ‘ಧ್ವಜಾನ ಹಾರಿಸಿದ್ರು’ ಎಂದು ಬರೆದು, ‘ನ’ ಅಕ್ಷರದ ಕೆಳಗೆ ತಾನೇ ಗೆರೆ ಎಳೆದಳು.